ನೊರೆ ಏಳದ ಚಿಪ್ಪು

ನೊರೆ ಏಳಲಿಲ್ಲ.

ಅಕ್ಕ ಸೀಸೆಯಿಂದ ಇನ್ನೊಂದು ಹನಿ ಬಿಟ್ಟಳು. ರಬ್ಬರ್ ಕೈಗವಸಿನ ಮೇಲಿದ್ದ ಬಿಳಿ ಚೂರಿನ ಮೇಲೆ ಆಸಿಡ್ ಹನಿ ಸುಮ್ಮನೆ ಕೂತಿತು, ಉರುಳಿತು, ಚರಂಡಿಯ ಕೆಸರಿಗೆ ಬಿತ್ತು. ಸಮುದ್ರದ ಚಿಪ್ಪಾಗಿದ್ದರೆ ಇಷ್ಟು ಹೊತ್ತಿಗೆ ಬುಸುಬುಸು ನೊರೆ ಉಕ್ಕಬೇಕಿತ್ತು.

"ಏನ್ ಮೇಡಮ್, ಚಿಪ್ಪಿಗೂ ಕಣ್ಣು ನೋವಾ? ಡ್ರಾಪ್ಸ್ ಹಾಕ್ತಿದೀರಿ?" ಮೇಲೆ ಛತ್ರಿ ಹಿಡಿದು ನಿಂತಿದ್ದ ಕಾರ್ಖಾನೆಯ ಮ್ಯಾನೇಜರ್ ಕೇಳಿದ.

"ಇದು ಚಿಪ್ಪಲ್ಲ. ಕಲ್ಲು. ಹೂಕುಂಡದ ಮಣ್ಣಿನ ಮೇಲೆ ಚಂದಕ್ಕೆ ಹಾಕ್ತಾರಲ್ಲ, ಆ ಬಿಳಿ ಹರಳು."

"ಬಿಳಿ ಅಂದ್ರೆ ಬಿಳಿ ತಾನೇ? ನಾವಂತೂ ಆ ಚೀಲಗಳನ್ನ ಅಲಂಕಾರಕ್ಕೆ ಇಟ್ಟಿದ್ದು ಅಂದ್ಕೊಂಡಿದ್ವಿ."

ಅವನು ತಮಾಷೆಗೆ ಹೇಳಲಿಲ್ಲ. ಅದೇ ದೊಡ್ಡ ತಮಾಷೆ.

ಹಿಂದಿನ ವಾರ ಒಂದೇ ಮಳೆಗೆ ಕೆಳಗಿನ ಕೊಳದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು; ನೀರಿನಲ್ಲಿ ಸತುವೂ ತಾಮ್ರವೂ ಮಿತಿಮೀರಿ ಸಿಕ್ಕಿದ್ದವು. ಆ ನೀರು ಬಂದದ್ದು ಈ ಕಾರ್ಖಾನೆಯ ಅಂಗಳದಿಂದ, ಈ ಚರಂಡಿಯಲ್ಲಿಟ್ಟ ಚೀಲಗಳನ್ನು ದಾಟಿಕೊಂಡು. ಚೀಲಗಳನ್ನು ಇಟ್ಟವಳು ಅಕ್ಕನ ಸ್ವಂತ ತಂಗಿ, ಪುಟ್ಟಿ.

ಮಾಲಿನ್ಯ ತನಿಖೆಯ ಕಚೇರಿಯಲ್ಲಿ ಅಕ್ಕನಿಗಿಂತ ಚುರುಕಾದವರಿರಲಿಲ್ಲ. ನೀರನ್ನು ಮೂಸಿಯೇ ಯಾವ ಕಾರ್ಖಾನೆಯದು ಎಂದು ಹೇಳಿಬಿಡುತ್ತಾಳೆಂದು ಕೆಲಸಗಾರರು ಬೆನ್ನ ಹಿಂದೆ "ಮೂಗಿನಮ್ಮ" ಎನ್ನುತ್ತಿದ್ದರು. ಆದರೂ ಈ ಪ್ರಕರಣ ತನಗೆ ಸಿಗಲಾರದೆಂದು ಅವಳು ತಿಳಿದಿದ್ದಳು. ಸಾಹೇಬರು ಕರೆದು ಫೈಲನ್ನು ಅವಳ ಕೈಗೇ ಕೊಟ್ಟಿದ್ದರು.

"ಸಾರ್, ಅವಳು ನನ್ನ ತಂಗಿ."

"ಗೊತ್ತು. ನೀವು ಅವಳನ್ನ ಬಿಡಲ್ಲ ಅಂತಾನೂ ಗೊತ್ತು."

ಕಚೇರಿಯಲ್ಲಿ ಯಾರೋ ಕೆಮ್ಮಿದ್ದರು, ನಗುವನ್ನು ಮುಚ್ಚಿಕೊಳ್ಳಲು. ಆ ಕೆಮ್ಮು ಅಂದಿನಿಂದ ಅಕ್ಕನ ಕಿವಿಯಲ್ಲೇ ಮನೆ ಮಾಡಿತ್ತು.

ಅವಳು ಬಗ್ಗಿ ಸಾಲನ್ನು ಮತ್ತೊಮ್ಮೆ ನೋಡಿದಳು. ತಂಗಿಯ ಉಪಾಯ ಸರಳವಾಗಿತ್ತು. ಎಷ್ಟು ಸರಳವೆಂದರೆ, ಇದು ನನಗೇಕೆ ಹೊಳೆಯಲಿಲ್ಲ ಎಂದು ಅಕ್ಕ ಎಷ್ಟೋ ಸಲ ದಿಂಬಿಗೆ ಮುಖ ಒತ್ತಿ ಮಲಗಿದ್ದಳು. ಕಬ್ಬಿಣದ ಸಾಮಾನಿಗೆ ಸತು ಲೇಪಿಸುವ ಕಾರ್ಖಾನೆ ಇದು. ಅಂಗಳದ ತುಂಬ ಒಣಗಲು ಇಟ್ಟ ಸರಳು, ತಗಡಿನ ಮಾಡು, ಎಲ್ಲದರ ಮೇಲೂ ಲೋಹದ ಧೂಳು. ಮಳೆ ಬಂದರೆ ಅಷ್ಟೂ ತೊಳೆದು ಚರಂಡಿಗೆ. ತಂಗಿ ಆ ಚರಂಡಿಗೆ ಬಲೆಬಟ್ಟೆಯ ಚೀಲಗಳನ್ನು ಅಡ್ಡ ಇಟ್ಟಳು. ಮೊದಲು ಪುಡಿಮಾಡಿದ ಚಿಪ್ಪು, ನೀರಿನ ಹುಳಿ ಮುರಿಯಲು. ಆಮೇಲೆ ಮರದ ತೊಗಟೆ, ಲೋಹವನ್ನು ಹಿಡಿದಿಡಲು. ಕೊನೆಗೆ ಇದ್ದಿಲು, ತಪ್ಪಿಸಿಕೊಂಡದ್ದನ್ನು ಕಚ್ಚಿಕೊಳ್ಳಲು. ಯಂತ್ರವಿಲ್ಲ, ವಿದ್ಯುತ್ತಿಲ್ಲ. ಸಾಮಿಲ್ಲಿನವರು ಎಸೆದದ್ದು, ಊಟದ ಅಂಗಡಿಯವರು ಎಸೆದದ್ದು, ಇಷ್ಟೇ ಬಂಡವಾಳ.

ಪತ್ರಿಕೆಗಳು ಫೋಟೋ ಹಾಕಿದ್ದವು. ಕಸದಿಂದ ರಸ ತೆಗೆದ ತರುಣಿ, ಅಂತೆ.

ಒಂದು ಗುಟ್ಟು ಮಾತ್ರ ಪತ್ರಿಕೆಯವರಿಗೆ ತಿಳಿದಿರಲಿಲ್ಲ. ತೊಗಟೆ ಲೋಹವನ್ನು ಹಿಡಿದಿಡುವುದು ನೀರು ಹುಳಿಯಾಗದಿದ್ದರೆ ಮಾತ್ರ. ಚಿಪ್ಪು ಇಲ್ಲದೆ ಆಸಿಡ್ ನೇರವಾಗಿ ತೊಗಟೆಗೆ ತಾಕಿದರೆ, ಮಳೆಗಾಲವೆಲ್ಲ ನುಂಗಿದ್ದನ್ನು ಅದು ಒಂದೇ ಸಲಕ್ಕೆ ಕಕ್ಕಿಬಿಡುತ್ತದೆ.

ಇಲ್ಲಿ ಆದದ್ದು ಅದೇ. ತೊಗಟೆಯ ಚೀಲಗಳನ್ನು ಅಕ್ಕ ಬೆಳಗ್ಗೆಯೇ ಪರೀಕ್ಷಿಸಿದ್ದಳು. ಯಾರೋ ತೊಳೆದು ಹಿಂಡಿ ಇಟ್ಟ ಹಾಗಿದ್ದವು. ಚರಂಡಿಯ ಪಕ್ಕದ ಪೊದೆಯಲ್ಲಿ ಆಸಿಡ್ಡಿನ ಖಾಲಿ ಕ್ಯಾನ್ ಸಿಕ್ಕಿತ್ತು, ಮುಚ್ಚಳಕ್ಕೆ ಇದೇ ಕಾರ್ಖಾನೆಯ ನೀಲಿ ಬಣ್ಣ.

"ಈ ಕ್ಯಾನ್ ನಿಮ್ಮದು."

"ನಮ್ಮದೇ. ತುಕ್ಕು ತೆಗೆಯೋಕೆ ಆಸಿಡ್ ಇಲ್ದೆ ಆಗತ್ತಾ? ಆದ್ರೆ ಗೇಟಿನ ಹತ್ರ ಇಟ್ಟಿದ್ದ ಕ್ಯಾನು ಇಲ್ಲಿಗೆ ಹೇಗೆ ನಡ್ಕೊಂಡು ಬಂತು, ನನಗೊತ್ತಿಲ್ಲ. ಕಾಲಂತೂ ಇರಲಿಲ್ಲ ಅದಕ್ಕೆ."

"ಗೇಟಿನ ಹತ್ರ ಯಾಕೆ ಇಟ್ಟಿದ್ರಿ?"

ಮ್ಯಾನೇಜರ್ ಛತ್ರಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. "ಅದು... ಒಳಗೆ ಜಾಗ ಇರಲಿಲ್ಲ. ತಪ್ಪು ನಮ್ಮದೇ ಅಂತಿಟ್ಕೊಳ್ಳಿ. ಹಾಗಂತ ಚೀಲ ಬಿಚ್ಚಿ ಕಲ್ಲು ತುಂಬಿಸಿ ಹೊಲಿಯೋ ಅಷ್ಟು ಪುರಸೊತ್ತು ನಮ್ಮಲ್ಲಿ ಯಾರಿಗಿದೆ ಮೇಡಮ್? ಚಿಪ್ಪು ಯಾಕಿದೆ ಅಂತಾನೇ ಗೊತ್ತಿಲ್ಲದವರು ಚಿಪ್ಪು ಯಾಕೆ ಕದೀತಾರೆ?"

ಆ ಮಾತು ಸರಿಯಾಗಿತ್ತು. ಸರಿಯಾಗಿತ್ತು ಎಂಬುದೇ ಅಕ್ಕನಿಗೆ ಒಳಗೊಳಗೆ ಹಿತವಾಗಿತ್ತು. ಚಿಪ್ಪಿನ ಗುಟ್ಟು ಗೊತ್ತಿದ್ದವರು ಇಬ್ಬರೇ. ಕಟ್ಟಿದವಳು ಒಬ್ಬಳು, ಕಟ್ಟಿದ್ದನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟವಳು ಇನ್ನೊಬ್ಬಳು. ಎರಡನೆಯವಳು ತಾನೇ ಆದ್ದರಿಂದ ಅಕ್ಕ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅವಳು ಕಲ್ಲು ತುಂಬಿದ್ದ ಚೀಲದ ಬಾಯನ್ನು ಬೆಳಕಿಗೆ ತಿರುಗಿಸಿದಳು.

ಕೈಗವಸು ಕಳಚಿ ಹೊಲಿಗೆಯನ್ನು ಮುಟ್ಟಿದಳು.

ಎರಡು ಹೊಲಿಗೆ ಮುಂದೆ, ಒಂದು ಹಿಂದೆ. ಹಿಂದೆ ಬಂದದ್ದು ಮೊದಲಿನ ದಾರದ ಕೆಳಗೆ ನುಸುಳಿ ಮತ್ತೆ ಮೇಲೆ. ಒಂದು ಕಡೆ ಕತ್ತರಿಸಿದರೂ ಉಳಿದದ್ದು ಬಿಚ್ಚಿಕೊಳ್ಳದ ಹೊಲಿಗೆ. ಇದನ್ನು ಅಂಗಡಿಯಲ್ಲಿ ಕಲಿಸುವುದಿಲ್ಲ, ಶಾಲೆಯಲ್ಲಿ ಕಲಿಸುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊಲಿದು ಹೊಲಿದು ಬೆರಳು ಸವೆಸಿದ ಅಮ್ಮ ತನಗೆ ತಾನೇ ಕಂಡುಕೊಂಡದ್ದು. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು.

ಕೊನೆಯಲ್ಲಿ ಗಂಟು ಇರಲಿಲ್ಲ. ದಾರದ ಬಾಲವನ್ನು ಬಟ್ಟೆಯ ಒಳಕ್ಕೆ ತೂರಿಸಿಬಿಟ್ಟಿದ್ದರು. ಅವಸರದ ಕೆಲಸ, ಅಂದುಕೊಂಡಳು ಅಕ್ಕ.

ಈಗ ಎಲ್ಲವೂ ಹೊಂದಿಕೊಂಡಿತು. ತಂಗಿ ಎಲ್ಲೆಂದರಲ್ಲಿ ಅಂಗಳಗಳನ್ನು ಒಪ್ಪಿಕೊಂಡಿದ್ದಾಳೆ. ಚಿಪ್ಪು ಸಾಲದೆ ಬಂದಿದೆ. ಯಾರು ನೋಡುತ್ತಾರೆ ಎಂದು ಬಿಳಿ ಕಲ್ಲು ತುಂಬಿಸಿದ್ದಾಳೆ. ಕಾರ್ಖಾನೆಯವರ ಕ್ಯಾನ್ ಮಳೆಯಲ್ಲಿ ಉರುಳಿ ಚರಂಡಿಗೆ ಮಗುಚಿದೆ. ಕ್ಯಾನ್ ಉರುಳಿದ್ದು ಅವರ ಉದಾಸೀನ. ಚಿಪ್ಪು ಇಲ್ಲದ್ದು ತಂಗಿಯ ಮೋಸ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಅಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ. ತನ್ನ ಕಣ್ಣಿಗೆ ಕಾಮಾಲೆ ಇದೆಯೆಂದು ಯಾರಿಗೆ ತಾನೇ ಅನ್ನಿಸುತ್ತದೆ?

ಚರಂಡಿ ಹತ್ತಿ ಮೇಲೆ ಬರುವಾಗ ಬಲ ಮಣಿಕಟ್ಟು ಚುಳ್ಳೆಂದಿತು. ಹಿಂದಿನ ಮಳೆಗಾಲದಲ್ಲಿ ಇಂಥದೇ ಚರಂಡಿಯಲ್ಲಿ ಜಾರಿ ಮುರಿದುಕೊಂಡದ್ದು; ತಂಪಾದರೆ ಈಗಲೂ ನೆನಪಿಸುತ್ತದೆ.

ರಸ್ತೆಯ ಅಂಚಿನಲ್ಲಿ ಕೊಳದವಳು ಕಾಯುತ್ತಿದ್ದಳು. ಮೀನು ಸಾಕುತ್ತಿದ್ದ ವಿಧವೆ. ಈಗ ಸಾಕಲು ಏನೂ ಉಳಿದಿರಲಿಲ್ಲ.

"ಏನಮ್ಮಾ, ಸಿಕ್ತಾ? ಇಲ್ಲ ಅಕ್ಕತಂಗಿ ಸೇರಿ ಮುಚ್ಚಾಕ್ತೀರಾ?"

"ಯಾರನ್ನೂ ಮುಚ್ಚಾಕಲ್ಲ. ತಪ್ಪು ಮಾಡಿದವರು ನನ್ನ ತಂಗಿಯಾದ್ರೂ ಸರಿ."

ಕೊಳದವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ, ಅದೂ ಗೊತ್ತು ಬಿಡು. ಆ ಹುಡುಗಿ ಬಂದು ನನ್ನ ಜೊತೆ ದಿನವಿಡೀ ಕೂತು ಸತ್ತ ಮೀನೆಲ್ಲ ಎತ್ತಿ ಹೂಳಿದಳು. ಮೂಗು ಮುಚ್ಚಲಿಲ್ಲ, ಬಾಯಿ ಬಿಡಲಿಲ್ಲ. ನೀನು ಬಂದೆ, ಬಾಟಲಿಗೆ ನೀರು ತುಂಬ್ಕೊಂಡು ಹೋದೆ."

"ಅದು ನನ್ನ ಕೆಲಸ."

"ಹೌದು. ಅವಳದ್ದು ಕೆಲಸ ಆಗಿರಲಿಲ್ಲ. ಅದಕ್ಕೇ ಹೇಳಿದೆ."

ಅಕ್ಕನ ಕಿವಿ ಬಿಸಿಯಾಯಿತು. ಬದುಕು ಕಳೆದುಕೊಂಡವಳು ಕೂಡ ತಂಗಿಯ ಕಡೆಗೇ. ಅವಳು ಯಾರ ಬದುಕು ಹಾಳು ಮಾಡಿದರೂ ಅವರು ಅವಳನ್ನೇ ತಬ್ಬಿಕೊಳ್ಳುತ್ತಾರೆ. ನಾನು ಯಾರಿಗೆ ನ್ಯಾಯ ಕೊಡಿಸಿದರೂ ಕುರ್ಚಿ ಕೂಡ ಕೊಡುವುದಿಲ್ಲ.

ಫೋನ್ ಗುನುಗಿತು. ಗಂಡ.

"ಊಟಕ್ಕೆ ಬರ್ತೀಯಾ?" ಪಾರ್ಸೆಲ್ ವ್ಯಾನಿನ ಇಂಜಿನ್ನು ಅವನ ಮಾತಿನ ಹಿಂದೆ ಗುರುಗುಟ್ಟುತ್ತಿತ್ತು.

"ಆಗಲ್ಲ. ಪುಟ್ಟಿ ಹತ್ರ ಹೋಗ್ತಿದೀನಿ. ಸಿಕ್ಕಿಬಿದ್ಲು."

ಅವನು ಇಂಜಿನ್ನು ಆರಿಸಿದ. "ಪಾಪ ಪುಟ್ಟಿ," ಅಂದ. "ಕೊನೆಗೂ ನೀನು ಹೇಳಿದ ಹಾಗೇ ಆಯ್ತಲ್ಲ."

"ಪಾಪ ಯಾಕೆ? ನನ್ನ ಮೇಲೆ ಯಾವತ್ತಾದ್ರೂ ಪಾಪ ಅನ್ನಿಸಿದ್ಯಾ ನಿಮಗೆ?"

"ನಿನ್ನ ಮೇಲೇನೇ ಅನ್ಸೋದು. ದಿನಾ," ಎಂದು ಅವನು ಫೋನ್ ಇಟ್ಟ.

ಅದೇ ಕಾವಿನಲ್ಲಿ ಅಕ್ಕ ಸಾಹೇಬರಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಹೆಸರು ಬೇಕು ಎಂದು ಅವರು ಹೇಳಿದ್ದರು; ಹೆಸರು ಸಿಕ್ಕರೆ ಪೊಲೀಸು, ಸಿಗದಿದ್ದರೆ ಪ್ರಕರಣ ಬೇರೆಯವರಿಗೆ. ಸಾಲು ಮನೆಗಳ ಗೋಡೆಗೆ ಒರಗಿ ನಿಂತು ಅವಳು ಹೆಸರು ಹೇಳಿಬಿಟ್ಟಳು.

"ಖಾತ್ರಿ ತಾನೇ?" ಸಾಹೇಬರು ಕೇಳಿದರು.

"ಹೊಲಿಗೆ ಇದೆ ಸಾರ್. ಲೋಕದಲ್ಲಿ ಇನ್ಯಾರೂ ಹಾಗೆ ಹೊಲಿಯಲ್ಲ."

"ಜೀಪ್ ಕಳಿಸೋಕೆ ಹೇಳ್ತೀನಿ. ಅವರು ಬರೋವರೆಗೆ ನೀವು ಅವಳ ಹತ್ರಾನೇ ಇರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಒದ್ದೆ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಸಾಮಿಲ್ಲಿನ ಕಡೆ ನಡೆದಳು.

*

ತಂಗಿಯ ಕೆಲಸದ ಜಾಗ ಸಾಮಿಲ್ಲಿನ ಹಿಂದಿನ ತಗಡಿನ ಕೊಟ್ಟಿಗೆ. ಬಾಗಿಲಲ್ಲೇ ಹಸಿ ತೊಗಟೆಯ ಒಗರು ವಾಸನೆ ಮೂಗಿಗೆ ಅಡರುತ್ತಿತ್ತು. ಒಂದು ಮೂಲೆಯಲ್ಲಿ ಇದ್ದಿಲಿನ ಗುಡ್ಡೆ. ತಾಡಪಾಲಿನ ಮೇಲೆ ಹರವಿದ ಚಿಪ್ಪು. ನಡುವೆ ಕಾಲು ಚಾಚಿ ಕೂತು, ದಬ್ಬಣದಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ ತಂಗಿ. ಕೆನ್ನೆಯ ಮೇಲೆ ಮಸಿ. ಆ ಮಸಿಯೂ ಅವಳಿಗೆ ಒಪ್ಪುತ್ತಿತ್ತು.

"ಅಕ್ಕಾ! ಬಾ ಬಾ. ಆ ಸ್ಟೂಲ್ ಮೇಲೆ ಕೂತ್ಕೋ. ಅದಲ್ಲ, ಅದರ ಕಾಲು ಮುರಿದಿದೆ. ಈ ಕಡೇದು. ನೀರು ಕೊಡ್ಲಾ?"

"ಬೇಡ."

"ಬೇಡ ಅಂದ್ರೆ ಕೋಪ ಬಂದಿದೆ ಅಂತ ಅರ್ಥ. ಚಿಕ್ಕಂದಿನಿಂದ ನೋಡ್ತಿದೀನಲ್ಲ."

ಅಕ್ಕ ಚೀಲವನ್ನು ಅವಳ ಮುಂದೆ ಎಸೆದಳು. ಮಾದರಿಗೆಂದು ಕತ್ತರಿಸಿದ್ದ ಮೂಲೆಯಿಂದ ಬಿಳಿ ಹರಳು ಚೆಲ್ಲಿ ಚಿಪ್ಪಿನ ಜೊತೆ ಬೆರೆಯಿತು. ತಂಗಿ ಒಂದು ಹರಳನ್ನು ಎತ್ತಿ, ಉಗುರಿನಿಂದ ಗೀಚಿ, ಹಲ್ಲಿನಿಂದ ಕಚ್ಚಿ ನೋಡಿದಳು. ಮುಖದ ನಗು ಮೆಲ್ಲಗೆ ಆರಿತು.

"ಇದೆಲ್ಲಿ ಸಿಕ್ತು?"

"ನೀನಿಟ್ಟಲ್ಲೇ. ಚರಂಡಿಯ ಮೊದಲ ಸಾಲು."

"ನಾನು ಕಲ್ಲು ಇಟ್ಟಿಲ್ಲ ಅಕ್ಕಾ."

"ನನ್ನ ಹತ್ರ ನಾಟಕ ಬೇಡ ಪುಟ್ಟಿ. ಚಿಪ್ಪು ಸಾಲಲಿಲ್ಲ, ಒಪ್ಪಿಕೊಂಡದ್ದು ಜಾಸ್ತಿ ಆಯ್ತು. ಹೆಸರು ಬಂತಲ್ಲ, ಹೆಸರು! ಫೋಟೋ ಬಂತಲ್ಲ!"

"ಫೋಟೋಗೂ ಚಿಪ್ಪಿಗೂ ಏನು ಸಂಬಂಧ?"

"ಒಬ್ಬಳ ಬದುಕೇ ಹೋಯ್ತು. ಕೊಳ ನೋಡಿದ್ಯಲ್ಲ?"

"ನೋಡಿದೆ. ಕೈಯಿಂದ ಎತ್ತಿದೀನಿ ಒಂದೊಂದನ್ನೂ." ತಂಗಿಯ ದನಿ ಗಟ್ಟಿಯಾಯಿತು. "ಅದಕ್ಕೇ ನನ್ನನ್ನ ಹಿಡಿದ್ರೆ ಸಾಕು ಅಂತ ಇಲ್ಲ ನನಗೆ. ಮಾಡಿದವರನ್ನ ಹಿಡೀಬೇಕು. ಮತ್ತೆ ಚಿಪ್ಪು ಸಾಲಲಿಲ್ಲ ಅಂದ್ಯಲ್ಲ, ಹಿಂದೆ ತಿರುಗಿ ನೋಡು."

ಅಕ್ಕ ತಿರುಗಿದಳು. ಗೋಡೆಯುದ್ದಕ್ಕೂ ಚಿಪ್ಪಿನ ಮೂಟೆಗಳು ತಗಡಿನ ಮಾಡಿನವರೆಗೆ ಏರಿದ್ದವು.

"ಇಷ್ಟೊಂದು ಎಲ್ಲಿಂದ?"

"ಭಾವ ತಂದುಕೊಡ್ತಾರಲ್ಲ, ವಾರಾ ವಾರಾ. ಊಟದ ಅಂಗಡಿಗಳಿಗೆ ಪಾರ್ಸೆಲ್ ಕೊಡೋಕೆ ಹೋಗ್ತಾರಲ್ಲ, ಬರೋವಾಗ ಖಾಲಿ ವ್ಯಾನಲ್ಲಿ ಚಿಪ್ಪು ಹಾಕ್ಕೊಂಡು ಬರ್ತಾರೆ." ಅವಳು ತಲೆಯೆತ್ತಿದಳು. "ನಿನಗೆ ಹೇಳಿಲ್ವಾ?"

ಅಕ್ಕ ಮೂಟೆಗಳ ಕಡೆಗೇ ಮುಖ ತಿರುಗಿಸಿಕೊಂಡಳು.

"ಹೇಳಿದಾರೆ," ಎಂದಳು ಅಕ್ಕ.

ಹೇಳಿರಲಿಲ್ಲ. ವಾರಾ ವಾರಾ ತಡವಾಗಿ ಬರುತ್ತಿದ್ದ. ರಸ್ತೆ ಕೆಟ್ಟಿದೆ ಎನ್ನುತ್ತಿದ್ದ. ಯಾವ ರಸ್ತೆ ಎಂದು ಅವಳು ಕೇಳಿರಲಿಲ್ಲ. ಅವನ ಅಂಗಿಯ ಒಗರು ವಾಸನೆ ಯಾವುದು ಎಂದೂ ಕೇಳಿರಲಿಲ್ಲ. ಊರಿನ ನೀರನ್ನೆಲ್ಲ ಮೂಸಿ ಹೇಳುವ ಮೂಗಿಗೆ ಸ್ವಂತ ಗಂಡನ ಅಂಗಿ ತಿಳಿಯಲಿಲ್ಲ.

"ಬಂದರೆ ಕೂರ್ತಾರಾ?"

"ಕೂರದೆ? ಆ ಕಾಲು ಮುರಿದ ಸ್ಟೂಲು ಅವರದ್ದೇ. ಮುರಿದಿದ್ದೂ ಅವರೇ." ತಂಗಿ ಅರ್ಧ ನಕ್ಕಳು, ಅಕ್ಕನ ಮುಖ ನೋಡಿ ನಿಲ್ಲಿಸಿದಳು. "ಯಾಕಕ್ಕಾ?"

ಬೆಂಕಿಗೆ ತುಪ್ಪ ಬೇಕಿರಲಿಲ್ಲ, ಬಿತ್ತು. ಅಮ್ಮನನ್ನು ಕಿತ್ತುಕೊಂಡಳು. ಹೆಸರನ್ನು ಕಿತ್ತುಕೊಂಡಳು. ಈಗ ಗಂಡನ ನಗುವಿಗೂ ಇಲ್ಲಿಯೇ ಸ್ಟೂಲು.

"ಮಾತು ತಿರುಗಿಸ್ಬೇಡ!" ಅಕ್ಕ ಚೀಲದ ಬಾಯಿ ಹಿಡಿದು ಅವಳ ಕಣ್ಣಿನ ಹತ್ತಿರ ತಂದಳು. "ಇದು ಯಾರ ಹೊಲಿಗೆ? ಹೇಳು. ಅಮ್ಮನ ಹೊಲಿಗೆ ಲೋಕದಲ್ಲಿ ಇನ್ಯಾರಿಗೆ ಗೊತ್ತು?"

ತಂಗಿ ನೋಡಿದಳು. ದಾರದ ಮೇಲೆ ಬೆರಳಾಡಿಸಿದಳು, ಕುರುಡರು ಮುಖ ಮುಟ್ಟಿ ನೋಡುವ ಹಾಗೆ. ಆಮೇಲೆ ತನ್ನ ಮಡಿಲಲ್ಲಿದ್ದ ಅರ್ಧ ಹೊಲಿದ ಚೀಲವನ್ನು ಎತ್ತಿ, ಅದರ ಪಕ್ಕಕ್ಕೆ ಇಟ್ಟಳು.

ಎರಡೂ ಅಮ್ಮನ ಹೊಲಿಗೆಯೇ. ಆದರೆ ಒಂದರ ಓಟ ಬಲಕ್ಕೆ, ಇನ್ನೊಂದರ ಓಟ ಎಡಕ್ಕೆ. ಒಂದನ್ನು ಕನ್ನಡಿಯಲ್ಲಿ ನೋಡಿದರೆ ಇನ್ನೊಂದು.

"ನಾನು ಎಡಚಿ ಅಕ್ಕಾ," ಅಂದಳು ತಂಗಿ. "ಮರೆತುಬಿಟ್ಯಾ?"

ಮರೆಯುವುದೆಂದರೇನು? ಅಕ್ಕನ ಹೊಟ್ಟೆಕಿಚ್ಚು ಹುಟ್ಟಿದ್ದೇ ಅಲ್ಲಿ. ಅಕ್ಕ ಅಮ್ಮನ ಪಕ್ಕದಲ್ಲಿ ಕೂತು ಹೊಲಿಗೆ ಕಲಿತಿದ್ದಳು, ಅಮ್ಮನ ಕೈ ನೋಡುತ್ತ. ಎಡಗೈಯ ತಂಗಿಗೆ ಪಕ್ಕದಲ್ಲಿ ಕೂತರೆ ತಿಳಿಯುವುದಿಲ್ಲವೆಂದು ಅಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡಳು. ಕನ್ನಡಿ ನೋಡಿದ ಹಾಗೆ ನನ್ನ ನೋಡೇ, ಎಂದಳು. ತಂಗಿ ಅಮ್ಮನ ಮುಖ ನೋಡುತ್ತ ಕಲಿತಳು. ದಬ್ಬಣ ತಪ್ಪಿದಾಗೆಲ್ಲ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಪಕ್ಕದಲ್ಲಿದ್ದವಳಿಗೆ ಅಮ್ಮನ ಕಿವಿಯೊಂದೇ ಕಾಣುತ್ತಿತ್ತು.

ಇಷ್ಟು ಹೊತ್ತೂ ಆ ಹೊಲಿಗೆಯನ್ನು ಕೈಯಲ್ಲಿ ಹಿಡಿದಿದ್ದರೂ ಅದು ಯಾವ ಕಡೆ ಓಡುತ್ತಿದೆ ಎಂದು ಅವಳು ನೋಡಿರಲಿಲ್ಲ. ಅಮ್ಮನ ಹೊಲಿಗೆ ಎಂದೊಡನೆ ಕಣ್ಣಿಗೆ ಬಂದದ್ದು ತಂಗಿಯ ಮುಖ ಮಾತ್ರ.

"ಇದು ಬಲಗೈಯವರದ್ದು," ತಂಗಿ ಮೆಲ್ಲಗೆ ಹೇಳಿದಳು. "ಬಲಗೈಯಲ್ಲಿ ಅಮ್ಮನ ಹೊಲಿಗೆ ಹಾಕೋರು ಒಬ್ಬರೇ ಉಳಿದಿರೋದು. ಚಿಪ್ಪು ಯಾಕಿದೆ ಅಂತ ನನ್ನ ಬಿಟ್ರೆ ಗೊತ್ತಿರೋದೂ ಒಬ್ಬರಿಗೇ. ಅಂಗಳಕ್ಕೆ ಯಾವಾಗ ಬೇಕಾದ್ರೂ ಹೋಗಬಹುದಾದವರೂ..."

"ಪುಟ್ಟಿ."

"ನೀನೇ ಮಾಡಿದ್ಯಾ ಅಕ್ಕಾ?"

ಕೂಗಿದ್ದರೆ ಉತ್ತರಿಸಬಹುದಿತ್ತು. ತಂಗಿ ಕೂಗಲಿಲ್ಲ. ಹುಷಾರಿಲ್ಲವಾ ಎಂದು ಕೇಳುವ ದನಿಯಲ್ಲಿ ಕೇಳಿದಳು.

"ನಾನ್ಯಾಕೆ ಮಾಡ್ಲಿ?"

"ಯಾಕೆ ಅಂತ ನಿಮ್ಮ ಕಚೇರಿಯ ಜವಾನನಿಗೂ ಗೊತ್ತು." ತಂಗಿಯ ಕಣ್ಣು ತುಂಬಿತ್ತು. "ನಾನು ನಿನ್ನ ಮೇಲೆ ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಕೊಳದಮ್ಮನಿಗೆ ಏನು ಹೇಳ್ಲಿ?"

"ನಾನಲ್ಲ! ಅಮ್ಮನಾಣೆ, ನಾನಲ್ಲ. ನಾನಾಗಿದ್ರೆ ಕೊನೇಲಿ ಗಂಟು ಹಾಕ್ತಿದ್ದೆ. ಅಮ್ಮ ಕಲಿಸಿದ ಗಂಟು. ನೋಡು ಇಲ್ಲಿ, ಇದರಲ್ಲಿ ಗಂಟೇ ಇಲ್ಲ. ಬಾಲ ಒಳಗೆ ತೂರಿಸಿ..."

ಅವಳು ಆ ಬಾಲವನ್ನು ಉಗುರಿನಿಂದ ಹೊರಗೆಳೆದಳು.

ಬಾಲ ಹೊರಗೆ ಬಿಟ್ಟರೆ ಅಸಹ್ಯವಾಗಿ ಕಾಣುತ್ತದೆ ಕಣೇ. ಒಳಗೆ ತೂರಿಸಿದರೆ ಎಷ್ಟು ನೀಟಾಗಿದೆ ನೋಡು.

ಯಾರ ಮಾತು ಅದು? ಹಿಂದಿನ ಮಳೆಗಾಲ. ಬಲ ಮಣಿಕಟ್ಟಿಗೆ ಪ್ಲಾಸ್ಟರು. ಕಚೇರಿಯ ಕ್ರಮದಂತೆ ಕೆಸರಿನ ಮಾದರಿಗಳನ್ನೆಲ್ಲ ಬಟ್ಟೆಯ ಚೀಲದಲ್ಲಿ ಹಾಕಿ, ಬಾಯಿ ಹೊಲಿದು, ಅರಗಿನ ಮುದ್ರೆ ಒತ್ತಬೇಕು. ಹೊಲಿಗೆ ಸಡಿಲವಾದರೆ ಮಾದರಿಯೇ ತಿರಸ್ಕೃತ. ಕೆಲಸ ಬೇರೆಯವರ ಪಾಲಾಗಬಾರದೆಂದು ಅವಳು ಚೀಲಗಳನ್ನು ಮನೆಗೆ ತಂದಿದ್ದಳು. ಅಡುಗೆಮನೆಯ ಮೇಜಿನ ಬಳಿ, ಅವಳ ಪಕ್ಕದಲ್ಲೇ ಕೂತು, ಅವಳು ಹೇಳಿಕೊಟ್ಟ ಹಾಗೆ ಒಂದೊಂದೇ ಹೊಲಿಗೆ ಹಾಕಿದವನು ಗಂಡ. ಪಕ್ಕದಲ್ಲಿ ಕೂತು ಕಲಿತವನ ಹೊಲಿಗೆ ಬಲಕ್ಕೇ ಓಡುತ್ತದೆ. ಪ್ಲಾಸ್ಟರು ಬಿಚ್ಚುವವರೆಗೂ ಅವನೇ ಹೊಲಿದಿದ್ದ. ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ, ತಂಗಿಗೂ.

ಅಷ್ಟೇ ಆಗಿದ್ದರೆ ಹೇಗೋ ಸಮಾಧಾನ ಹೇಳಿಕೊಳ್ಳಬಹುದಿತ್ತು. ಅದೇ ಮೇಜಿನ ಬಳಿ ಆಡಿದ ಇನ್ನೊಂದು ಮಾತು ನೆನಪಾಯಿತು. ಅದು ಅವನ ಮಾತಲ್ಲ. ಫೋಟೋ ಬಂದ ದಿನ ಪತ್ರಿಕೆಯನ್ನು ಮಡಚಿ ಬಿಸಿ ಪಾತ್ರೆಯ ಕೆಳಗೆ ಹಾಕುತ್ತ ತಾನೇ ಆಡಿದ್ದು.

"ಅವಳ ಜಾಣತನವೆಲ್ಲ ಆ ಚಿಪ್ಪಲ್ಲಿದೆ. ಚಿಪ್ಪು ತೆಗೆದು ಒಂದು ಕ್ಯಾನ್ ಆಸಿಡ್ ಸುರಿದ್ರೆ, ಆ ತೊಗಟೆ ತಿಂದದ್ದನ್ನೆಲ್ಲ ಒಂದೇ ಸಲ ಕಕ್ಕತ್ತೆ. ಆವಾಗ ನೋಡ್ಬೇಕು, ಯಾವ ಪೇಪರ್‌ನವರು ಫೋಟೋ ಹಾಕ್ತಾರೆ ಅಂತ."

ಅವನು ತಟ್ಟೆಯಿಂದ ತಲೆಯೆತ್ತಿ ನೋಡಿದ್ದ. ಹೌದಾ, ಅಷ್ಟು ಸುಲಭನಾ, ಎಂದಿದ್ದ.

ಕೊನೆಗೂ ನೀನು ಹೇಳಿದ ಹಾಗೇ ಆಯ್ತಲ್ಲ.

ಅಕ್ಕ ಹಿಂದಕ್ಕೆ ಸರಿದಳು. ಕೈ ಹಿಡಿಯಲು ಬಂದ ತಂಗಿಯನ್ನು ತಳ್ಳಿ, ಚಿಪ್ಪಿನ ಮೂಟೆಗಳಿಗೆ ಒರಗಿದಳು. ತನ್ನ ಮೇಲಿನ ಆಪಾದನೆ ಅಳಿಸಬೇಕಾದರೆ ಒಂದೇ ಹೆಸರು ಸಾಕು. ಆ ಹೆಸರು ಹೇಳದಿದ್ದರೆ ಜೀಪಿನವರು ತಂಗಿಯನ್ನು ಕರೆದೊಯ್ಯುತ್ತಾರೆ, ಊರಿನ ಚರಂಡಿಗಳಿಂದ ಅವಳ ಚೀಲಗಳನ್ನೆಲ್ಲ ಕಿತ್ತೆಸೆಯುತ್ತಾರೆ, ಮುಂದಿನ ಮಳೆಗೆ ಇನ್ನೊಂದು ಕೊಳ.

ನನಗೋಸ್ಕರ ಮಾಡಿದನೇ? ಆ ಯೋಚನೆಯ ಮೂಲೆಯಲ್ಲಿ, ನಾಚಿಕೆಗೆಟ್ಟ ಒಂದು ಸಂತೋಷ ಮಿಣುಕಿತು. ಯಾರಾದರೂ ಒಬ್ಬರು ಕೊನೆಗೂ ನನ್ನ ಪಕ್ಷ.

ಹಾಗಾದರೆ ವಾರಾ ವಾರಾ ಚಿಪ್ಪು ತಂದುಕೊಟ್ಟದ್ದು ಯಾರಿಗೋಸ್ಕರ?

"ಅಕ್ಕಾ, ಏನಾಯ್ತು? ಮುಖ ಯಾಕೆ ಹೀಗೆ ಬಿಳಚಿಕೊಂಡಿದೆ? ನಿನಗೆ ಗೊತ್ತಾಯ್ತು ಅಲ್ವಾ, ಯಾರು ಅಂತ?"

"ಪುಟ್ಟಿ, ನೀನು ಈಗ ಇಲ್ಲಿಂದ ಹೊರಡು. ಹಿಂದಿನ ಬಾಗಿಲು ಇದ್ಯಾ?"

"ನಾನ್ಯಾಕೆ ಓಡಿಹೋಗ್ಲಿ?"

"ಪೊಲೀಸರು ಬರ್ತಿದಾರೆ. ನಾನೇ... ನಾನೇ ಹೆಸರು ಕೊಟ್ಟಿದೀನಿ. ನಿನ್ನದು."

ತಂಗಿ ಕೆನ್ನೆಯ ಮಸಿಯನ್ನು ಮುಂಗೈಯಿಂದ ಒರೆಸಿಕೊಂಡಳು. ಅದು ಇನ್ನಷ್ಟು ಹರಡಿತು.

"ನನ್ನ ಕೇಳೋಕೂ ಮುಂಚೇನಾ?" ಎಂದಳು.

ಅಷ್ಟರಲ್ಲಿ ಹೊರಗೆ ಹಾರ್ನು. ಜೀಪಿನದಲ್ಲ. ಎರಡು ಗಿಡ್ಡ, ಒಂದು ಉದ್ದ. ಅಕ್ಕನ ಮನೆಯ ಗೇಟಿನ ಮುಂದೆ ಆ ವ್ಯಾನು ಎಂದೂ ಹಾಗೆ ಕೂಗಿರಲಿಲ್ಲ. ಅಲ್ಲಿ ಸುಮ್ಮನೆ ಬಂದು ನಿಲ್ಲುತ್ತಿತ್ತು. ತಂಗಿ ಮಾತ್ರ ಯೋಚಿಸದೆ ಬಾಗಿಲ ಕಡೆ ತಿರುಗಿದಳು, ನಿತ್ಯದ ಅಭ್ಯಾಸವಿದ್ದವರು ತಿರುಗುವ ಹಾಗೆ.

ಗಂಡ ಬಗ್ಗಿ ಒಳಗೆ ಬಂದ. ಹೆಗಲ ಮೇಲೆ ಚಿಪ್ಪಿನ ಮೂಟೆ. ಬೆಳಕಿನಿಂದ ನೆರಳಿಗೆ ಬಂದವನಿಗೆ ಮೊದಲು ಏನೂ ಕಾಣಲಿಲ್ಲ. "ಈ ಸಲ ದೊಡ್ಡ ಮಾಲು ಸಿಕ್ತು ನೋಡು," ಎನ್ನುತ್ತ ಮೂಟೆ ಇಳಿಸಿದ. ಆಮೇಲೆ ಕಂಡಳು ಹೆಂಡತಿ. ಆಮೇಲೆ ಕಂಡವು, ತಾಡಪಾಲಿನ ಮೇಲೆ ಪಕ್ಕಪಕ್ಕದಲ್ಲಿ ಬಿದ್ದಿದ್ದ ಎರಡು ಚೀಲ, ಒಂದಕ್ಕೊಂದು ಬೆನ್ನು ಹಾಕಿ ಓಡುವ ಎರಡು ಹೊಲಿಗೆ.

ಅವನ ಕೈ ಮೂಟೆಯ ಮೇಲೇ ಉಳಿಯಿತು.

ಅಕ್ಕ ಕಾದಳು. ತನ್ನನ್ನು ನೋಡಿ ಏನಾದರೂ ಹೇಳುತ್ತಾನೆ, ಸುಳ್ಳಾದರೂ ಸರಿ, ಬೈಗುಳವಾದರೂ ಸರಿ, ಎಂದು ಕಾದಳು. ಅವನು ಅವಳ ಕಡೆ ತಿರುಗಲಿಲ್ಲ.

"ಪುಟ್ಟೀ," ಎಂದ, ತೀರ ಸಣ್ಣ ದನಿಯಲ್ಲಿ. "ನಮ್ಮ ವಿಷಯ ಹೇಳಿಬಿಟ್ಯಾ?"

ಏನು ಭಾವ, ಎನ್ನಬೇಕಿತ್ತು ತಂಗಿ. ಏನನ್ನ, ಎಂದು ಕೇಳಬೇಕಿತ್ತು. ಅದರ ಬದಲು ಎಡಗೈಯ ದಬ್ಬಣ ಜಾರಿ ಚಿಪ್ಪಿನ ಮೇಲೆ ಟಣ್ಣೆಂದು ಬಿತ್ತು. ಬಗ್ಗಿ ಅದನ್ನು ಹುಡುಕುವ ನೆಪದಲ್ಲಿ ಮುಖ ಮುಚ್ಚಿಕೊಂಡಳು.

ಹೊರಗೆ ಇನ್ನೊಂದು ಗಾಡಿ ನಿಂತ ಸದ್ದು. ಬೂಟುಗಳು ತೊಗಟೆಯನ್ನು ಪುಡಿಮಾಡುತ್ತ ಹತ್ತಿರ ಬಂದವು. ಬಾಗಿಲಿನ ಬೆಳಕನ್ನು ಟೋಪಿ ಹಾಕಿದ ಎತ್ತರದ ಆಕೃತಿಯೊಂದು ತುಂಬಿಕೊಂಡಿತು. ಇನ್ಸ್‌ಪೆಕ್ಟರ್ ಒಬ್ಬೊಬ್ಬರ ಮುಖವನ್ನೂ ನೋಡಿದ: ಬಗ್ಗಿ ಕೂತ ತಂಗಿ, ಮೂಟೆ ಹಿಡಿದ ಗಂಡಸು, ಮೂಟೆಗಳಿಗೆ ಒರಗಿದ ಅಧಿಕಾರಿ.

"ನಮಸ್ಕಾರ ಮೇಡಮ್. ಹೆಸರು ಕೊಟ್ಟೋರು ನೀವೇ ಅಲ್ವಾ?" ಎಂದ. "ತೋರಿಸಿ, ಯಾರನ್ನ ಕರ್ಕೊಂಡು ಹೋಗ್ಬೇಕು?"